ಜೇಸನ್ ಟಾಡ್‌ನನ್ನು ಮನೆಗೆ ಕರೆತರುವುದು ಹೇಗೆ? ಸೂಪರ್‌ಹೀರೊ ಫ್ಯಾನ್ ಫಿಕ್ಷನ್ ಬರೆಯಹೊರಟವರಿಗೆ

1988ರಲ್ಲಿ ಡಿಸಿ ಕಾಮಿಕ್ಸ್ ತನ್ನ ಓದುಗರಿಗೆ ಎರಡು ಫೋನ್ ನಂಬರ್ ಕೊಟ್ಟು ಒಂದು ಪ್ರಶ್ನೆ ಕೇಳಿತು: ಬ್ಯಾಟ್‌ಮ್ಯಾನ್‌ನ ಜೊತೆಗಾರ, ಎರಡನೆಯ ರಾಬಿನ್ ಜೇಸನ್ ಟಾಡ್ ಬದುಕಬೇಕೇ, ಸಾಯಬೇಕೇ? ಒಂದು ಕರೆಗೆ ಐವತ್ತು ಸೆಂಟ್. ಸಾಯಲಿ ಎಂದು ಬಂದ ಕರೆಗಳು 5,343, ಬದುಕಲಿ ಎಂದು ಬಂದವು 5,271. ಕೇವಲ 72 ಕರೆಗಳ ಅಂತರದಲ್ಲಿ ಹುಡುಗ ಸತ್ತುಹೋದ. 2005ರಲ್ಲಿ ಅದೇ ಕಂಪನಿ ಅವನನ್ನು ರೆಡ್ ಹುಡ್ ಎಂಬ ಹೆಸರಿನಲ್ಲಿ, ಕೈಗೆ ಬಂದೂಕು ಕೊಟ್ಟು, ಹೊಟ್ಟೆಯಲ್ಲಿ ಕಿಚ್ಚಿಟ್ಟು ವಾಪಸು ತಂದಿತು. ಅಂದಿನಿಂದ ಅಭಿಮಾನಿಗಳು ಅವನನ್ನು ಸಾಕುತಂದೆ ಬ್ರೂಸ್ ವೇಯ್ನ್‌ನ, ಅಂದರೆ ಬ್ಯಾಟ್‌ಮ್ಯಾನ್‌ನ, ಮನೆಗೆ ಕರೆತರುವ ಕತೆಗಳನ್ನು ಬರೆಯುತ್ತಲೇ ಇದ್ದಾರೆ.

ಇದಕ್ಕೊಂದು ಕಾರಣವಿದೆ. ತಿಂಗಳು ತಿಂಗಳು ಹೊರಬರುವ ಕಾಮಿಕ್ಸ್‌ಗೆ ಜಗಳ ಬೇಕು. ತಂದೆ-ಮಗ ರಾಜಿಯಾದರೆ ಮುಂದಿನ ಸಂಚಿಕೆಗೆ ಸರಕು ಉಳಿಯುವುದಿಲ್ಲ, ಹಾಗಾಗಿ ರಾಜಿಯಾದಂತೆ ಮಾಡಿ ಮತ್ತೆ ಕೆಡಿಸುತ್ತಾರೆ. ಪೆಟ್ಟು ತಿಂದವನು ಆಮೇಲೆ ಹೇಗೆ ಮಲಗಿದ, ಯಾರ ಜೊತೆ ಕುಳಿತು ಉಂಡ ಎಂಬುದಕ್ಕೆ ಅಲ್ಲಿ ಪುಟಗಳಿಲ್ಲ. ಆ ಪುಟಗಳನ್ನು ಬರೆಯುವುದೇ ನಿಮ್ಮ ಕೆಲಸ. (2021ರಲ್ಲಿ ಡಿಸಿ ತಾನೇ ವೆಬ್‌ಟೂನ್ ಎಂಬ ಕಾಮಿಕ್ಸ್ ತಾಣದಲ್ಲಿ ವೇಯ್ನ್ ಮನೆಯ ದಿನಚರಿಯನ್ನು ಹಗುರಾದ ಸರಣಿಯಾಗಿ ತಂದಿತು. ಅಭಿಮಾನಿಗಳು ಬಹಳ ಹಿಂದೆಯೇ ಹಿಡಿದಿದ್ದ ದಾರಿಗೆ ಕಂಪನಿ ತಡವಾಗಿ ಬಂತು ಎಂದೇ ನನ್ನ ಲೆಕ್ಕ.)

ಈ ಬಗೆಯ ಕತೆಗಳಿಗೆ ಅಭಿಮಾನಿ ವಲಯದಲ್ಲಿ ಎರಡು ಹೆಸರುಗಳಿವೆ: ನೋವು ಮತ್ತು ಸಾಂತ್ವನದ ಕತೆಗೆ ಹರ್ಟ್-ಕಂಫರ್ಟ್, ರಕ್ತಸಂಬಂಧವಿಲ್ಲದವರು ಕಟ್ಟಿಕೊಂಡ ಕುಟುಂಬದ ಕತೆಗೆ ಫೌಂಡ್ ಫ್ಯಾಮಿಲಿ. ಎರಡನ್ನೂ ಸೇರಿಸಿ ಕನ್ನಡದಲ್ಲಿ ಬರೆಯುವುದು ಹೇಗೆಂದು ಜೇಸನ್‌ನನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ನಾಯಕ ಮಾರ್ವೆಲ್ ಕಾಮಿಕ್ಸ್‌ನ ಬಕಿ ಬಾರ್ನ್ಸ್ ಆಗಿದ್ದರೂ ವಿಧಾನ ಇದೇ.

ಮೊದಲು ಕವಲು ಯಾವುದೆಂದು ಗೊತ್ತುಮಾಡಿಕೊಳ್ಳಿ

ಜೇಸನ್‌ನ ಹುಟ್ಟಿನ ಕತೆಯೇ ಎರಡಿದೆ. 1983ರಲ್ಲಿ ಬಂದಾಗ ಅವನು ಮೊದಲ ರಾಬಿನ್ ಡಿಕ್ ಗ್ರೇಸನ್‌ನಂತೆಯೇ ಸರ್ಕಸ್ ಮನೆತನದ ಹುಡುಗ. 1987ರಲ್ಲಿ ಅದನ್ನು ಅಳಿಸಿ ಬರೆದರು: ಈಗ ಅವನು ಗಾಥಮ್ ನಗರದ ಬೀದಿಯಲ್ಲಿ ಬೆಳೆದವನು, ಬ್ಯಾಟ್‌ಮ್ಯಾನ್‌ನ ಕಾರಿನ ಚಕ್ರಗಳನ್ನೇ ಬಿಚ್ಚಿ ಕದಿಯಲು ಹೋಗಿ ಸಿಕ್ಕಿಬಿದ್ದವನು. 2011ರಲ್ಲಿ ಇಡೀ ಡಿಸಿ ಲೋಕವನ್ನೇ ಹೊಸದಾಗಿ ಶುರುಮಾಡಿದರು. 2019ರಲ್ಲಿ ವೇಯ್ನ್ ಮನೆಯ ಬಟ್ಲರ್ ಆಲ್ಫ್ರೆಡ್‌ನನ್ನು ಬೇನ್ ಎಂಬ ಖಳ ಕೊಂದ. ಆಲ್ಫ್ರೆಡ್ ಚಹಾ ತಂದಿಡುವ ದೃಶ್ಯ ನಿಮ್ಮ ಕತೆಯಲ್ಲಿದ್ದರೆ, ಅದು ಆ ಸಾವಿಗೆ ಮುಂಚಿನ ಕತೆಯೋ ಆ ಸಾವೇ ನಡೆಯದ ಕವಲೋ ಎಂದು ನಿಮಗಾದರೂ ತಿಳಿದಿರಬೇಕು.

ಅರ್ಧ ಪುಟದಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ಯಾರು ಬದುಕಿದ್ದಾರೆ, ಯಾರಿಗೆ ಎಷ್ಟು ವಯಸ್ಸು, ಜೇಸನ್ ಈಗಾಗಲೇ ಯಾರಿಗೆ ಏನು ಮಾಡಿದ್ದಾನೆ, ನಿಮ್ಮ ಕತೆ ಮೂಲದಿಂದ ಯಾವ ಗಳಿಗೆಯಲ್ಲಿ ಬೇರೆಯಾಗುತ್ತದೆ. ಕವಲು ಒಂದೇ ಇರಲಿ. ಜೇಸನ್‌ನನ್ನು ಕೊಂದ ಜೋಕರ್ ಸತ್ತ, ಬ್ರೂಸ್ ಮೃದುವಾದ, ಮುಂದಿನ ರಾಬಿನ್ ಟಿಮ್ ಎಲ್ಲವನ್ನೂ ಮರೆತ ಎಂದು ಮೂರು ಕಡೆ ಬದಲಿಸಿದರೆ ವಾಸಿಯಾಗಲು ಗಾಯವೇ ಉಳಿಯುವುದಿಲ್ಲ. ತಾಳಮದ್ದಳೆಯ ಅರ್ಥಧಾರಿ ಪ್ರಸಂಗದ ಪದ್ಯಗಳನ್ನು ಬದಲಿಸುವುದಿಲ್ಲ. ಎರಡು ಪದ್ಯಗಳ ನಡುವೆ ಕರ್ಣನ ಬಾಯಲ್ಲಿ ಏನು ಆಡಿಸುತ್ತಾನೆ ಎಂಬುದರಲ್ಲಿ ಅವನ ವಿದ್ಯೆ ಕಾಣುತ್ತದೆ. ನೀವೂ ಅಷ್ಟೇ ಜಾಗದಲ್ಲಿ ಆಡಿ.

ಯಾವ ಗಾಯ ಎಂದು ಕೇಳಿಕೊಳ್ಳಿ

ಜೇಸನ್‌ಗೆ ಏನಾಯಿತು ಎಂದರೆ ಎಲ್ಲರೂ ಕಬ್ಬಿಣದ ಹಾರೆಯ ಹೊಡೆತ, ಬಾಂಬು ಎನ್ನುತ್ತಾರೆ. ಅದು ಘಟನೆ. ಗಾಯ ಎಲ್ಲಿದೆ ಎಂಬುದು ಬೇರೆ ಪ್ರಶ್ನೆ. ಹೆತ್ತ ತಾಯಿಯನ್ನು ಹುಡುಕಿಕೊಂಡು ಇಥಿಯೋಪಿಯಾದವರೆಗೆ ಹೋದ ಹುಡುಗನನ್ನು ಜೋಕರ್‌ನ ಕೈಗೆ ಒಪ್ಪಿಸಿದವಳು ಅದೇ ತಾಯಿ. ಅವನು ಸತ್ತ ಮೇಲೆ ಅವನ ಉಡುಪನ್ನು ಬ್ಯಾಟ್‌ಮ್ಯಾನ್‌ನ ಗುಹೆಯ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿ, 'ಒಳ್ಳೆಯ ಸೈನಿಕ' ಎಂಬ ಫಲಕ ಹಾಕಿದರು. ರಾಬಿನ್ ಎಂಬ ಹೆಸರು ಟಿಮ್ ಡ್ರೇಕ್ ಎಂಬ ಇನ್ನೊಬ್ಬ ಹುಡುಗನಿಗೆ ಹೋಯಿತು. ಮಣ್ಣಿನಡಿಯ ಶವಪೆಟ್ಟಿಗೆಯಲ್ಲಿ ಎಚ್ಚರಗೊಂಡು ತಾನೇ ಬಗೆದುಕೊಂಡು ಹೊರಬಂದವನಿಗೆ, ತನ್ನನ್ನು ಕೊಂದವನು ಇನ್ನೂ ಓಡಾಡಿಕೊಂಡಿದ್ದಾನೆ ಎಂದು ತಿಳಿಯಿತು.

ಇವು ನಾಲ್ಕು ಬೇರೆ ಬೇರೆ ಗಾಯಗಳು. ತಾಯಿಯ ದ್ರೋಹಕ್ಕೆ ಬೇಕಾದ ಮದ್ದು ಟಿಮ್‌ನ ಸಂಗತಿಗೆ ನಾಟುವುದಿಲ್ಲ. ತನ್ನ ಜಾಗವನ್ನು ಬೇರೊಬ್ಬರಿಗೆ ಕೊಟ್ಟರು ಎಂದು ಕೊರಗುವವನಿಗೆ ಬ್ರೂಸ್ ನೂರು ಸಲ ಕ್ಷಮೆ ಕೇಳಿದರೂ ಪ್ರಯೋಜನವಿಲ್ಲ. ತನ್ನದೆಂಬ ಒಂದು ಜಾಗ ಆ ಮನೆಯಲ್ಲಿ ಖಾಲಿ ಉಳಿದಿತ್ತು ಎಂದು ಅವನಿಗೆ ಕಾಣಬೇಕು. ಒಂದು ಸಣ್ಣ ಕತೆಗೆ ಒಂದೇ ಗಾಯ ಆರಿಸಿ. ಆರಿಸುವಾಗ ನನಗೆ ನೆರವಾಗುವ ಪ್ರಶ್ನೆ ಇದು: ಇವನು ಯಾರನ್ನು ಏನು ಕೇಳಲಾರದೆ ಒದ್ದಾಡುತ್ತಿದ್ದಾನೆ? ಮೂಲ ಕತೆಯಲ್ಲಿ ಜೇಸನ್ ಇದಕ್ಕೆ ತಾನೇ ಉತ್ತರ ಕೊಟ್ಟಿದ್ದಾನೆ. ಬ್ರೂಸ್ ಬರುವುದು ತಡವಾಯಿತು ಎಂಬುದಕ್ಕೆ ಅವನಿಗೆ ಸಿಟ್ಟಿಲ್ಲ, ಅದನ್ನು ಕ್ಷಮಿಸಿದ್ದಾನೆ. ಜೋಕರ್ ಇನ್ನೂ ಯಾಕೆ ಬದುಕಿದ್ದಾನೆ ಎಂಬುದು ಅವನ ಪ್ರಶ್ನೆ. ಇದನ್ನು ಗಮನಿಸದೆ ಬ್ರೂಸ್‌ನ ಬಾಯಲ್ಲಿ 'ನಿನ್ನನ್ನು ಉಳಿಸಲಾಗಲಿಲ್ಲ' ಎಂದು ಅಳಿಸುವ ಕತೆಗಳು ಲೆಕ್ಕವಿಲ್ಲದಷ್ಟಿವೆ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತೆ ಅವು.

ನೋವನ್ನು ಮೈಯಲ್ಲಿಡಿ, ಸಾಂತ್ವನವನ್ನೂ

'ಜೇಸನ್ ಆಘಾತದಿಂದ ಬಳಲುತ್ತಿದ್ದ' ಎಂಬ ವಾಕ್ಯ ವರದಿಗೆ ಸರಿ. ಕತೆಯಲ್ಲಿ ಅದು ಮೈಗೆ ಬರಬೇಕು. ಇಕ್ಕಟ್ಟಾದ ಜಾಗ, ಒದ್ದೆ ಮಣ್ಣಿನ ವಾಸನೆ, ಬೀಗ ಹಾಕಿದ ಬಾಗಿಲು, ಇಳಿಯುತ್ತ ಬರುವ ಅಂಕಿಗಳು: ಅವನ ಚರಿತ್ರೆಯಲ್ಲಿ ಬೇಕಾದಷ್ಟಿದೆ. ಒಂದನ್ನೇ ತೆಗೆದುಕೊಳ್ಳಿ. ಹಾರೆಯನ್ನಂತೂ ಬಿಟ್ಟುಬಿಡಿ, ಅದನ್ನು ಮುಟ್ಟದ ಅಭಿಮಾನಿ ಉಳಿದಿಲ್ಲ. ಬಾಂಬಿನ ಟೈಮರ್ ತೆಗೆದುಕೊಂಡರೆ ಹೀಗೆ ಬರೆಯಬಹುದು:

ಓವನ್ನಿನ ಪಕ್ಕದ ಟೈಮರ್‌ನಲ್ಲಿ ಅಂಕಿಗಳು ಇಳಿಯುತ್ತಿದ್ದವು. ಇನ್ನೂ ನಾಲ್ಕು ನಿಮಿಷ ಬಾಕಿ. ಜೇಸನ್ ಎದ್ದ, ಕುರ್ಚಿಯನ್ನು ಸದ್ದಾಗದಂತೆ ಒಳಕ್ಕೆ ತಳ್ಳಿದ.
"ಸಿಗರೇಟು ಸೇದಿ ಬರುತ್ತೇನೆ."
ಅವನು ಹೋದ ಮೇಲೆ ಟಿಮ್ ನೋಡಿದ. ಸಿಗರೇಟಿನ ಪೊಟ್ಟಣ ಮೇಜಿನ ಮೇಲೆಯೇ ಇತ್ತು.
ಮುಂದಿನ ಭಾನುವಾರ ಓವನ್ನಿನ ಪಕ್ಕದಲ್ಲಿ ಟೈಮರ್ ಇರಲಿಲ್ಲ. ಆಲ್ಫ್ರೆಡ್ ಎರಡೆರಡು ಸಲ ಬಾಗಿ ಗಾಜಿನೊಳಗೆ ಇಣುಕಿದರು.
"ಬಿಸ್ಕತ್ತು ತುಸು ಹೆಚ್ಚೇ ಕೆಂಪಾಗಿವೆ, ಮಾಸ್ಟರ್ ಜೇಸನ್. ವಯಸ್ಸಾಯಿತು ನೋಡಿ, ಅಂದಾಜು ತಪ್ಪುತ್ತದೆ."
ಜೇಸನ್ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ. ತಳ ಸೀದಿತ್ತು. ಇನ್ನೊಂದಕ್ಕೆ ಕೈಹಾಕಿದ.

ಇಲ್ಲಿ ಯಾರೂ ಯಾರನ್ನೂ ತಬ್ಬಿಕೊಂಡಿಲ್ಲ, 'ನಿನಗೇನಾಗುತ್ತಿದೆ' ಎಂದು ಯಾರೂ ಕೇಳಿಲ್ಲ. ಗಾಯದ ಆಕಾರ ಹೇಗಿದೆಯೋ ಸಾಂತ್ವನದ ಆಕಾರವೂ ಹಾಗೆಯೇ ಇದೆ, ಅದಕ್ಕೆ ಆಲ್ಫ್ರೆಡ್ ತನ್ನ ಅಡುಗೆಯ ಹೆಮ್ಮೆಯನ್ನು ಬೆಲೆಯಾಗಿ ತೆತ್ತಿದ್ದಾನೆ. ಈ ಬಗೆಯ ಕತೆಗಳಲ್ಲಿ ನಾನು ಹುಡುಕುವುದು ಇದನ್ನೇ. ಸಾಂತ್ವನ ಕೊಡುವವನಿಗೆ ಏನೂ ಖರ್ಚಾಗದಿದ್ದರೆ ಓದುಗನಿಗೆ ಅದು ಮುಟ್ಟುವುದಿಲ್ಲ.

ಅನುಕ್ರಮ: ಮೊದಲು ಬಾಗಿಲು, ಆಮೇಲೆ ಮಾತು

ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ, ಆಘಾತದಿಂದ ಚೇತರಿಸಿಕೊಳ್ಳುವ ದಾರಿಯಲ್ಲಿ ಮೂರು ಹಂತಗಳನ್ನು ಗುರುತಿಸಿದರು: ಮೊದಲು ಸುರಕ್ಷತೆ, ಆಮೇಲೆ ನಡೆದದ್ದನ್ನು ನೆನೆದು ಶೋಕಿಸುವುದು, ಕೊನೆಗೆ ಜನರೊಂದಿಗೆ ಮತ್ತೆ ಬೆರೆಯುವುದು. ಹೊಸಬರ ಕತೆಗಳು ಸಾಮಾನ್ಯವಾಗಿ ನೇರವಾಗಿ ಎರಡನೆಯದಕ್ಕೆ ಹಾರುತ್ತವೆ. ಮೊದಲ ಅಧ್ಯಾಯದಲ್ಲಿ ಜೇಸನ್ ಕಿಟಕಿಯಿಂದ ಒಳಗೆ ಬೀಳುತ್ತಾನೆ, ಎರಡನೆಯದರಲ್ಲಿ ಎಲ್ಲವನ್ನೂ ಹೇಳಿ ಅಳುತ್ತಾನೆ, ಮೂರನೆಯದರಲ್ಲಿ ಕ್ರಿಸ್‌ಮಸ್. ಜೀವನದಲ್ಲಿ ಯಾರೂ ಹೀಗೆ ಬಾಯಿಬಿಡುವುದಿಲ್ಲ. ಬಂದೂಕು ತಲೆದಿಂಬಿನಡಿ ಇಟ್ಟು ಮಲಗುವವನಂತೂ ಖಂಡಿತ ಬಿಡುವುದಿಲ್ಲ.

ನಿಮ್ಮ ಕತೆಯಲ್ಲಿ ಹತ್ತು ದೃಶ್ಯಗಳಿದ್ದರೆ ಅರ್ಧದಷ್ಟನ್ನು ಸುರಕ್ಷತೆಗೇ ಕೊಡಿ. ಕೇಳಲು ಮಂಕಾಗಿದೆ, ಬರೆದಾಗ ಇದೇ ಅತ್ಯಂತ ರಸವತ್ತಾದ ಭಾಗ. ಅವನು ಮನೆಯೊಳಗೆ ಎಲ್ಲಿಯವರೆಗೆ ಬರುತ್ತಾನೆ? ಮೊದಲು ತೋಟದ ಗೋಡೆ, ಒಂದು ರಾತ್ರಿ ಅಡುಗೆಮನೆಯ ಹಿಂಬಾಗಿಲು, ಬಹಳ ದಿನಗಳ ಮೇಲೆ ಮೆಟ್ಟಿಲು. ಹೊರಹೋಗುವ ದಾರಿ ತೆರೆದಿದೆ ಎಂದು ಗೊತ್ತಾದಾಗಲೇ ಮನುಷ್ಯ ಒಳಗೆ ಕೂರುತ್ತಾನೆ, ಆದ್ದರಿಂದ ಮನೆಯವರು ಅವನನ್ನು ಹೋಗಗೊಡುವ ದೃಶ್ಯ ಒಂದಾದರೂ ಇರಲಿ. ಬ್ರೂಸ್ ವೇಯ್ನ್‌ಗೆ ಇದು ಬೆಟ್ಟ ಎತ್ತಿದಷ್ಟು ಕಷ್ಟ. ಅವನ ಸಹಜ ಬುದ್ಧಿ ಹೇಳುವುದು ಜಾಕೆಟ್ಟಿನಲ್ಲಿ ಟ್ರ್ಯಾಕರ್ ಅಂಟಿಸು ಎಂದೇ. ಅಂಟಿಸಲಿ ಬಿಡಿ, ಜೇಸನ್‌ಗೆ ಅದು ಸಿಗಲಿ, ಮೂರು ದೃಶ್ಯಗಳ ದುಡಿಮೆ ನೀರುಪಾಲಾಗಲಿ. ಹಿಂಜಾರಿಕೆ ಇಲ್ಲದ ಚೇತರಿಕೆಯನ್ನು ಓದುಗ ನಂಬುವುದಿಲ್ಲ.

ವಾಸಿಯಾಗುವುದು ಎಂದರೆ ಮೊದಲಿನಂತಾಗುವುದು ಎಂದುಕೊಳ್ಳಬೇಡಿ. ಇದೇ ಬ್ಯಾಟ್ ಕುಟುಂಬದಲ್ಲಿ ಬಾರ್ಬರಾ ಗಾರ್ಡನ್ ಇದ್ದಾಳೆ. 1988ರಲ್ಲಿ ಜೋಕರ್‌ನ ಗುಂಡಿಗೆ ಅವಳ ಬೆನ್ನುಹುರಿ ಹೋಯಿತು, ಬ್ಯಾಟ್‌ಗರ್ಲ್ ಆಗಿ ಓಡುವುದು ನಿಂತಿತು. ಮರುವರ್ಷ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಂಡರ್ ಅವಳನ್ನು ಆರಾಕಲ್ ಆಗಿ ತಂದರು: ಗಾಲಿಕುರ್ಚಿಯಲ್ಲಿ ಕುಳಿತು ಇಡೀ ಸೂಪರ್‌ಹೀರೊ ಬಳಗಕ್ಕೆ ಮಾಹಿತಿ ಒದಗಿಸುವವಳು. 2011ರಲ್ಲಿ ಕಂಪನಿ ಅವಳು ಮತ್ತೆ ನಡೆಯುವಂತೆ ಮಾಡಿದಾಗ ಬೇಸರಪಟ್ಟ ಓದುಗರು ಬಹಳ ಮಂದಿ, ಅದರಲ್ಲೂ ಅಂಗವಿಕಲ ಓದುಗರು. ಜೇಸನ್‌ಗೂ ಹಸಿರು ಚಡ್ಡಿ ತೊಡಿಸಿ ರಾಬಿನ್ ಮಾಡಲಾಗುವುದಿಲ್ಲ. ಅವನು ಹೊಸದಾಗಿ ಏನಾಗುತ್ತಾನೆ ಎಂದು ಯೋಚಿಸಿ.

ಎಲ್ಲರೂ ಒಳ್ಳೆಯವರಾದರೆ ಕುಟುಂಬವಾಗುವುದಿಲ್ಲ

ವೇಯ್ನ್ ಮನೆಯಲ್ಲಿ ಮಕ್ಕಳಿಗೆ ಬರವಿಲ್ಲ. ಕೆಟ್ಟ ಫೌಂಡ್ ಫ್ಯಾಮಿಲಿ ಕತೆಯಲ್ಲಿ ಅವರೆಲ್ಲ ಒಂದೇ ದನಿಯಲ್ಲಿ ಜೇಸನ್‌ನನ್ನು ಸಮಾಧಾನಪಡಿಸುತ್ತಾರೆ, ಅಥವಾ ಡಿಕ್ ತಮಾಷೆ ಮಾಡುತ್ತಾನೆ, ಬ್ರೂಸ್‌ನ ಸ್ವಂತ ಮಗ ಡೇಮಿಯನ್ ಸಿಡುಕುತ್ತಾನೆ, ಟಿಮ್ ಕಾಫಿ ಕುಡಿಯುತ್ತಾನೆ. ಟಿಮ್‌ನ ಕಾಫಿಗೆ ದಯವಿಟ್ಟು ಒಂದು ವಿರಾಮ ಕೊಡಿ.

ಪ್ರತಿಯೊಬ್ಬರಿಗೂ ಜೇಸನ್ ಜೊತೆ ಒಂದು ಹಳೆಯ ಲೆಕ್ಕ ಇದೆ, ಕತೆ ಇರುವುದು ಆ ಲೆಕ್ಕದಲ್ಲಿ. ಟಿಮ್‌ನದು ಎಲ್ಲಕ್ಕಿಂತ ತೂಕದ್ದು. ರೆಡ್ ಹುಡ್ ಆಗಿ ಬಂದ ಜೇಸನ್, ಟಿಮ್‌ನ ಸೂಪರ್‌ಹೀರೊ ತಂಡದ ನೆಲೆಯಾದ ಟೈಟನ್ಸ್ ಟವರ್‌ಗೆ ನುಗ್ಗಿ ಅವನನ್ನು ಚೆನ್ನಾಗಿ ಬಡಿದುಹಾಕಿದ್ದಾನೆ. ಟಿಮ್ ನಗುತ್ತ 'ಪರವಾಗಿಲ್ಲ' ಎಂದರೆ ಒಬ್ಬನ ಗಾಯ ವಾಸಿಮಾಡಲು ಇನ್ನೊಬ್ಬನ ಗಾಯವನ್ನು ಕಂಬಳಿಯಡಿ ಮುಚ್ಚಿದಂತೆ. ಟಿಮ್‌ಗೆ ಸಿಟ್ಟಾಗುವ ಹಕ್ಕು ಕೊಡಿ. ಜೇಸನ್ ಊಟಕ್ಕೆ ಬರುವ ರಾತ್ರಿಗಳಲ್ಲಿ ಅವನು ಮೇಜಿಗೆ ಬರದೇ ಇರಲಿ, ಮನೆಯವರು ಅದನ್ನು ಒಪ್ಪಿಕೊಳ್ಳಲಿ. ಅವನ ಖಾಲಿ ಕುರ್ಚಿಯನ್ನು ಗಮನಿಸುವವನು ಜೇಸನ್ ಆಗಿದ್ದರೆ, ಮುಂದಿನ ಹೆಜ್ಜೆ ಇಡಬೇಕಾದವನು ಯಾರೆಂದು ನಿಮಗೆ ತಾನಾಗಿ ಗೊತ್ತಾಗುತ್ತದೆ.

ಇನ್ನೊಬ್ಬ ಬ್ಯಾಟ್‌ಗರ್ಲ್ ಕಸಾಂಡ್ರಾ ಕೇನ್‌ಳನ್ನು ಬಹಳ ಮಂದಿ ಮರೆಯುತ್ತಾರೆ, ನನಗೆ ಅವಳೇ ಈ ಕತೆಯ ಚಿನ್ನದ ಗಣಿ. 1999ರಲ್ಲಿ ಬಂದವಳು. ಅವಳ ತಂದೆ, ಕೊಲೆಗಾರ ಡೇವಿಡ್ ಕೇನ್, ಅವಳಿಗೆ ಮಾತನ್ನೇ ಕಲಿಸದೆ ಬೆಳೆಸಿದ. ಹಾಗಾಗಿ ಎದುರಿನವರ ಮೈಯ ಚಲನೆಯೇ ಅವಳಿಗೆ ಭಾಷೆ. ಚಿಕ್ಕವಳಿದ್ದಾಗ ಒಬ್ಬನನ್ನು ಕೊಂದು, ಅವನ ಸಾವನ್ನು ಅವನ ಮೈಯಲ್ಲೇ ಓದಿ, ಓಡಿಹೋದಳು. ಜೇಸನ್ ಯಾರಿಗೆ ಸುಳ್ಳು ಹೇಳಿದರೂ ಅವಳಿಗೆ ಹೇಳಲಾರ. ಕೊಲ್ಲುವುದು ಸರಿಯೇ ಎಂದು ಅವನು ವಾದಕ್ಕಿಳಿದರೆ, ಬ್ರೂಸ್‌ನ ನಿಯಮಕ್ಕಿಂತ ಭಾರವಾದ ಉತ್ತರ ಅವಳಲ್ಲಿದೆ. ಅವರಿಬ್ಬರನ್ನು ಛಾವಣಿಯ ಮೇಲೆ ಕೂರಿಸಿ, ಮಾತು ಕಡಿಮೆ ಮಾಡಿ, ಏನಾಗುತ್ತದೆ ನೋಡಿ.

ಕಾಗದ-ಪತ್ರದ ಸಂಗತಿಯೂ ಈ ಕುಟುಂಬದಲ್ಲಿ ಕತೆಯಾಗುತ್ತದೆ. ಡಿಕ್ ಎಂಟು ದಶಕಗಳಿಗೂ ಹಳೆಯ ಪಾತ್ರ, 1940ರಲ್ಲಿ ಬಂದವನು. ಆದರೆ ಬ್ರೂಸ್ ಅವನನ್ನು ಕಾನೂನುಬದ್ಧವಾಗಿ ದತ್ತು ಪಡೆದದ್ದು 2000ರ ದಶಕದ ಆರಂಭದ ಕತೆಗಳಲ್ಲಿ, ಅವನು ಬೆಳೆದ ಗಂಡಸಾದ ಮೇಲೆ. ಅಲ್ಲಿಯವರೆಗೆ ಅವನು ಬ್ರೂಸ್‌ನ ಪೋಷಣೆಯಲ್ಲಿದ್ದ ಹುಡುಗ ಅಷ್ಟೇ. ಕಾಗದದಲ್ಲಿ ಸತ್ತುಹೋಗಿರುವ ಜೇಸನ್‌ಗೆ ಈ ಮನೆಯಲ್ಲಿ ಯಾವ ದಾಖಲೆಯಿದೆ?

ಬ್ರೂಸ್‌ನ ಕ್ಷಮೆ

ಇಲ್ಲಿ ಕತೆ ನಿಲ್ಲುತ್ತದೆ ಅಥವಾ ಬೀಳುತ್ತದೆ. ಬ್ರೂಸ್ ಕೊಲ್ಲುವುದಿಲ್ಲ, ಜೇಸನ್ ಕೇಳುವುದು ಅದನ್ನೇ. ಇದಕ್ಕೆ ಪರಿಹಾರವಿಲ್ಲ, ಹುಡುಕಲೂ ಬೇಡಿ. ಇಬ್ಬರಲ್ಲಿ ಒಬ್ಬರನ್ನು ವಾದದಲ್ಲಿ ಸೋಲಿಸಿದರೆ ಕತೆ ಪ್ರಬಂಧವಾಗುತ್ತದೆ. ಆ ಪ್ರಶ್ನೆ ಮೇಜಿನ ಮೇಲೆ ಹಾಗೆಯೇ ಇರುವಾಗ ಒಂದೇ ಮನೆಯಲ್ಲಿ ಹೇಗೆ ಬದುಕುತ್ತಾರೆ ಎಂಬುದನ್ನು ಬರೆಯಿರಿ.

ಇನ್ನೊಂದು ಎಚ್ಚರ: ಬ್ರೂಸ್ ಆಪ್ತಸಮಾಲೋಚಕನ ಹಾಗೆ ಮಾತಾಡಕೂಡದು. ಅವನು ಕೈಯಿಂದ ಮಾತಾಡುವವನು. ಗಾಜಿನ ಪೆಟ್ಟಿಗೆ ಇರುವುದು ಇದಕ್ಕಾಗಿಯೇ ಎಂದುಕೊಳ್ಳಿ. ಅದನ್ನು ಬ್ರೂಸ್ ಗುಟ್ಟಾಗಿ ತೆಗೆಸಿಬಿಟ್ಟರೆ ಜೇಸನ್‌ಗೆ ಹೇಗನಿಸೀತು? ತನ್ನ ಸಾವನ್ನೂ ಒರೆಸಿಹಾಕಿದರು ಎಂದು. ಜೇಸನ್ ತಾನೇ ಒಡೆದರೆ ನೋಡಲು ಚೆನ್ನ, ಸಲೀಸೂ ಹೌದು. ನಾನಾದರೆ ಬ್ರೂಸ್ ಸ್ಕ್ರೂಡ್ರೈವರ್ ತಂದು ಅವನ ಪಕ್ಕದಲ್ಲಿಟ್ಟು, 'ಫಲಕ ನಾನು ಹಾಕಿದ್ದು' ಎಂದಷ್ಟೇ ಹೇಳಿ ನಿಲ್ಲುವಂತೆ ಬರೆಯುತ್ತೇನೆ. ಹದಿಹರೆಯದ ಹುಡುಗನನ್ನು ಸೈನಿಕ ಎಂದು ಕರೆದ ತಪ್ಪು ಆ ಒಂದು ಮಾತಿನಲ್ಲಿ ಒಪ್ಪಿಗೆಯಾಗುತ್ತದೆ. ಮುಂದಿನದನ್ನು ಜೇಸನ್ ನಿರ್ಧರಿಸಲಿ. ಫಲಕವನ್ನಷ್ಟೇ ಬಿಚ್ಚಿ ಪೆಟ್ಟಿಗೆಯನ್ನು ಬಿಟ್ಟಾನು.

ಗಾಥಮ್‌ನವರು ಕನ್ನಡ ಆಡುವಾಗ

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಇಲ್ಲದ ಒಂದು ಸಾಧನ ನಮ್ಮ ಕೈಯಲ್ಲಿದೆ: ನೀನು, ನೀವು. ಬರೆಯುವ ಮೊದಲೇ ಯಾರು ಯಾರಿಗೆ ಏನೆನ್ನುತ್ತಾರೆ ಎಂದು ಪಟ್ಟಿ ಮಾಡಿಕೊಳ್ಳಿ. ಆಲ್ಫ್ರೆಡ್ ಎಲ್ಲರಿಗೂ 'ನೀವು', ಜೊತೆಗೆ ಮಾಸ್ಟರ್. ಡೇಮಿಯನ್ ಅಣ್ಣಂದಿರನ್ನು ಟಾಡ್, ಡ್ರೇಕ್ ಎಂದು ಮನೆತನದ ಹೆಸರಿನಿಂದಲೇ ಕರೆಯುತ್ತಾನೆ, ಅದು ಹಾಗೆಯೇ ಇರಲಿ. ಚಿಕ್ಕವನಿದ್ದಾಗ ಬ್ರೂಸ್‌ನನ್ನು 'ನೀನು' ಎನ್ನುತ್ತಿದ್ದ ಜೇಸನ್ ಸತ್ತು ಬಂದ ಮೇಲೆ ತಣ್ಣಗೆ 'ನೀವು' ಎನ್ನಲಿ, ಪರಕೀಯರಿಗೆ ಅನ್ನುವಂತೆ. ಹಳೆಯ 'ನೀನು' ಮತ್ತೆ ಬರುವ ಗಳಿಗೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದು ಅಪ್ಪುಗೆಯಲ್ಲಿ ಬಂದರೆ ಸಪ್ಪೆ. ಜೋರು ಜಗಳದ ನಡುವೆ, ಅವನಿಗೇ ತಿಳಿಯದಂತೆ ಬಾಯಿಂದ ಜಾರಿದರೆ, ಬ್ರೂಸ್ ಮಾತ್ರ ಅದನ್ನು ಕೇಳಿಸಿಕೊಂಡರೆ, ನಿಮಗೆ ಬೇರೆ ಸಂಭಾಷಣೆಯೇ ಬೇಡ.

'ಅಣ್ಣ', 'ಅಪ್ಪ' ಎಂಬ ಪದಗಳನ್ನು ಉಪ್ಪಿನಂತೆ ಬಳಸಿ. ಎಲ್ಲರ ಬಾಯಲ್ಲೂ ಮೊದಲ ಪುಟದಿಂದಲೇ ಅಣ್ಣ ಬಂದರೆ ಕುಟುಂಬ ಕಟ್ಟುವ ಕೆಲಸವನ್ನು ಪದವೇ ಮಾಡಿ ಮುಗಿಸಿರುತ್ತದೆ, ಕತೆಗೆ ಏನೂ ಉಳಿಯುವುದಿಲ್ಲ. ಗಾಥಮ್ ಅಮೆರಿಕದ ಊರಾಗಿಯೇ ಇರಲಿ. ಆಲ್ಫ್ರೆಡ್ ಬಿಸಿಬೇಳೆಬಾತ್ ಮಾಡುವ ಅಗತ್ಯವಿಲ್ಲ.

ಪ್ರಕಟಿಸುವ ಮುನ್ನ

ಪ್ರೇಯಸಿಯೊಬ್ಬಳು ಬಂದು ಜೇಸನ್‌ನ ದುಃಸ್ವಪ್ನಗಳನ್ನು ಒಂದೇ ಮುತ್ತಿನಿಂದ ಓಡಿಸುವ ಅಧ್ಯಾಯವಿದ್ದರೆ ತೆಗೆದುಹಾಕಿ. ಚಿಕಿತ್ಸಕರ ದೃಶ್ಯವಿದ್ದರೆ ಅವರನ್ನು ಖಳನಾಯಕರನ್ನಾಗಿ ಮಾಡಬೇಡಿ. ಗಾಥಮ್‌ನ ಮಾನಸಿಕ ಆಸ್ಪತ್ರೆ ಅರ್ಕಮ್‌ನ ಕತೆಗಳು ಈ ಲೋಕದಲ್ಲಿ ಅದನ್ನು ಬೇಕಾದಷ್ಟು ಮಾಡಿವೆ. ಇಂಥ ಕತೆ ಬರೆಯುವಾಗ ಸ್ವಂತದ ನೋವು ಕೆದಕಿದಂತಾಗುವುದೂ ಉಂಟು. ಹಾಗಾದರೆ ಕಡತ ಮುಚ್ಚಿಡಿ, ಕತೆ ಕಾಯುತ್ತದೆ. ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಬಹುದು, ಅದು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೂ ಮಾತಾಡುತ್ತಾರೆ.

ಪ್ರಕಟಿಸುವ ಮೊದಲು ಒಬ್ಬರ ಕೈಯಲ್ಲಿ ಓದಿಸಿ. ಅಭಿಮಾನಿ ವಲಯದಲ್ಲಿ ಅವರನ್ನು ಬೀಟಾ ಎನ್ನುತ್ತಾರೆ. ಕಾಮಿಕ್ಸ್ ಗೊತ್ತಿಲ್ಲದ ಒಬ್ಬರಾದರೆ ಇನ್ನೂ ಒಳ್ಳೆಯದು: ಟಿಮ್ ಯಾಕೆ ಮೇಜಿಗೆ ಬರುವುದಿಲ್ಲ ಎಂದು ಅವರಿಗೆ ಅರ್ಥವಾಗದಿದ್ದರೆ ನೀವು ಮೂಲ ಕತೆಯ ಮೇಲೆ ತುಂಬಾ ಭಾರ ಹಾಕಿದ್ದೀರಿ. ಪಾತ್ರಗಳು ಕಂಪನಿಯ ಸ್ವತ್ತು, ಆದ್ದರಿಂದ ಕತೆಯನ್ನು ಮಾರಬೇಡಿ. 2009ರಿಂದ ತೆರೆದಿರುವ, 2019ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆದ ಆರ್ಕೈವ್ ಆಫ್ ಅವರ್ ಓನ್‌ನಂಥ ಲಾಭರಹಿತ ತಾಣಗಳಲ್ಲಿ ಹಾಕುವಾಗ ಹಿಂಸೆ, ಸಾವು, ಆತ್ಮಹತ್ಯೆಯ ಯೋಚನೆ ಏನಿದ್ದರೂ ಟ್ಯಾಗ್‌ನಲ್ಲಿ ನೇರವಾಗಿ ಹೇಳಿ. ಅದರಿಂದ ಕತೆಯ ಗುಟ್ಟು ರಟ್ಟಾಗುತ್ತದೆ ಎಂಬ ಭಯ ಬೇಡ, ನೊಂದ ಓದುಗರೇ ಇಂಥ ಕತೆಗಳನ್ನು ಹುಡುಕಿಕೊಂಡು ಬರುವುದು. ಅಧ್ಯಾಯಗಳಾಗಿ ಹಾಕುವುದಾದರೆ ಒಟ್ಟು ಎಷ್ಟೆಂದು ತಿಳಿಸಿ, ಎರಡನ್ನಾದರೂ ಬರೆದು ಕೈಯಲ್ಲಿಟ್ಟುಕೊಂಡು ಮೊದಲನೆಯದನ್ನು ಹಾಕಿ. ಪರಿಚಯದ ಎರಡು ಸಾಲನ್ನು ಕತೆಯಷ್ಟೇ ಕಾಳಜಿಯಿಂದ ಬರೆಯಿರಿ: 'ಭಾನುವಾರದ ಊಟಕ್ಕೆ ಜೇಸನ್ ಬರುತ್ತಾನೆ, ಟಿಮ್ ಬರುವುದಿಲ್ಲ. ಆಲ್ಫ್ರೆಡ್ ಇಬ್ಬರಿಗೂ ತಟ್ಟೆ ಇಡುತ್ತಾರೆ.' ಇಷ್ಟು ಸಾಕು. 'ನನಗೆ ಪರಿಚಯ ಬರೆಯಲು ಬರುವುದಿಲ್ಲ, ದಯವಿಟ್ಟು ಓದಿ' ಎಂದು ಹಾಕಿದರೆ ಓದುಗ ಮುಂದಿನ ಕತೆಗೆ ಹೋಗುತ್ತಾನೆ.